ಎಣ್ಣೆ ತೊಟ್ಟಿಯ ನಲ್ಲಿ

ನ್ಯಾಮತಿಯ ಎಣ್ಣೆ ಮಿಲ್ಲಿನ ಮಹೇಶ್ವರಪ್ಪನಿಗೆ ಹಿತ್ತಾಳೆ ಎಂದರೆ ಪ್ರಾಣ. ಉಣ್ಣುವ ತಟ್ಟೆ ಸ್ಟೀಲಿನದಾದರೂ ಆದೀತು, ನೀರು ಕುಡಿಯುವ ಚೊಂಬು ಹಿತ್ತಾಳೆಯದೇ ಆಗಬೇಕು, ಅದೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾಗಬೇಕು. ತಿಕ್ಕುವವರು ಯಾರು ಎಂದು ಅವನನ್ನು ಯಾರೂ ಕೇಳಿದವರಿಲ್ಲ. ಇಂಥವನು ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಮಿಲ್ಲಿನ ಹಿತ್ತಲಿಗೆ ಸೊಂಟದೆತ್ತರದ ಸಿಮೆಂಟ್ ತೊಟ್ಟಿ ಕಟ್ಟಿಸಿ, ಬಾವಿಗೆ ಮೋಟರ್ ಇಳಿಸಿ, ಮೇಲೊಂದು ಟ್ಯಾಂಕು ಕೂರಿಸಿದ. ಆಮೇಲೆ ತೊಟ್ಟಿಗೆ ಎಂಥ ನಲ್ಲಿ ಹಾಕಿಸಬೇಕೆಂಬ ಮಾತನ್ನು ಹೆಣ್ಣು ನೋಡುವ ಮಾತಿನಷ್ಟೇ ಗಾಂಭೀರ್ಯದಿಂದ ಪಡಸಾಲೆಯಲ್ಲಿ ಎತ್ತಿದ.

ತೊಟ್ಟಿ ಏನೂ ದೇವರಮನೆಯದಲ್ಲ. ಮಿಲ್ಲಿನ ಹೊಲಸೆಲ್ಲ ಬಂದು ಬೀಳುವ ಜಾಗ. ಎಣ್ಣೆ ಸೋಸಿದ ದಪ್ಪ ಬಟ್ಟೆಗಳು, ಗಸಿ ಮೆತ್ತಿದ ಡಬ್ಬಗಳು, ಲಾಳಿಕೆ, ಅಳತೆಯ ಪಾತ್ರೆಗಳು, ಎಲ್ಲವನ್ನೂ ಕುದಿಯುವ ನೀರು, ಸೋಡಾ, ಬೂದಿ ಹಾಕಿ ಅಲ್ಲೇ ತೊಳೆಯಬೇಕು. ಮೊದಲು ಈ ಕೆಲಸ ಬಾವಿಕಟ್ಟೆಯ ಮೇಲೆ ನಡೆಯುತ್ತಿತ್ತು. ಓಬವ್ವ ಎಂಬ ಆಳು ಹೆಂಗಸು ನೀರು ಸೇದಿ ಕೊಪ್ಪರಿಗೆ ತುಂಬಿಸುತ್ತಿದ್ದಳು, ಮನೆಯ ಸೊಸೆ, ಮಹೇಶ್ವರಪ್ಪನ ಹೆಂಡತಿ ಶಿವಗಂಗಮ್ಮ ಚೊಂಬಿನಲ್ಲಿ ಮೊಗೆದು ತೊಳೆಯುತ್ತಿದ್ದಳು. ಓಬವ್ವ ಮಗಳ ಊರು ಸೇರಿಕೊಂಡ ಮೇಲೆ ಸೇದುವವರಿಲ್ಲದೆ ಈ ತೊಟ್ಟಿ ಹುಟ್ಟಿತು.

"ಯಾವ ನಲ್ಲಿ ಹಾಕಾನ ಸಾವ್ಕಾರ್ರೆ?" ಎಂದು ಪೈಪು ಕೂಡಿಸಲು ಬಂದಿದ್ದ ಹನುಮಣ್ಣ ಕೇಳಿದ.

"ದುಂಡು ಹಿಡೀದು. ಹಿತ್ತಾಳೇದು. ಕೈಯಾಗ ಹಿಡಿದ್ರೆ ತೂಕ ಗೊತ್ತಾಗಬೇಕು ನೋಡು, ಅಂಥದ್ದು."

ಬಾಗಿಲ ಮರೆಯಲ್ಲಿ ನಿಂತಿದ್ದ ಶಿವಗಂಗಮ್ಮ ಸಾಮಾನ್ಯವಾಗಿ ಇಂಥ ಮಾತಿನಲ್ಲಿ ಬಾಯಿ ಹಾಕುವವಳಲ್ಲ. ಅಂದು ಹಾಕಿದಳು. "ಎಣ್ಣೆ ಕೈಯಾಗೆ ದುಂಡಂದು ಜಾರ್ತೈತ್ರಿ. ಉದ್ದ ಹಿಡೀದು ಒಂದು ಸಿಗ್ತೈತಲ್ಲ, ಮೊಣಕೈಯಾಗೆ ತಳ್ಳಿದ್ರೂ ನೀರು ಬರ್ತೈತೆ. ಅಂಥದ್ದು ತರ್ರಿ."

"ಅದನ್ನ ನೀನೆಲ್ಲಿ ನೋಡಿದ್ಯೇ?"

"ದಾವಣಗೆರೆ ಆಸ್ಪತ್ರೆಯಾಗೆ. ಡಾಕ್ಟ್ರು ಕೈ ತೊಳ್ಯಾಕೆ ಇಟ್ಕಂಡಿರ್ತಾರೆ. ತಂಗಿ ಹೆರಿಗೇಗೆ ಹೋಗಿದ್ದಾಗ..."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ತನ್ನ ತಪ್ಪು ತಿಳಿಯಿತು. ತಂಗಿಗೆ ಹೆರಿಗೆಯಾದದ್ದು ಜಗಳೂರಿನ ತವರುಮನೆಯ ಒಳಕೋಣೆಯಲ್ಲಿ. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಕಸ್ತೂರಮ್ಮನೇ ಜಗಳೂರಿಗೆ ಹೋಗಿ ಕೂಸಿಗೆ ಕುಲಾವಿ ತೊಡಿಸಿ ಬಂದಿದ್ದಳು. ಆ ಅತ್ತೆ ಈಗ ಕಂಬಕ್ಕೆ ಒರಗಿ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿ ಸೊಸೆಯನ್ನೊಮ್ಮೆ ನೋಡಿ, ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಮಹೇಶ್ವರಪ್ಪ ನಕ್ಕುಬಿಟ್ಟ. "ಎಣ್ಣೆ ಮಿಲ್ಲಿಗೆ ಆಸ್ಪತ್ರೆ ನಲ್ಲಿ ಹಾಕ್ಸಿದ್ರೆ ಬಂದೋರು ಇಲ್ಲಿ ಯಾರಿಗೆ ಏನಾಗೈತೆ ಅಂತಾರೆ. ಸುಮ್ನಿರು."

ಅವನು ನಗೆಗೆ ಅಂದ ಮಾತು ಅವಳಿಗೆ ನೆಟ್ಟಗೆ ತಗುಲಿತು. ಆಗಿರುವುದು ಏನು ಎಂದು ಗೊತ್ತಿದ್ದವಳು ಈ ಮನೆಯಲ್ಲಿ ಅವಳೊಬ್ಬಳೇ. ಹಿಂದಿನ ವರ್ಷ ತವರಿಗೆ ಹೋದಾಗ, ಜಗಳೂರಿನ ಶಾಲೆಯಲ್ಲಿ ಮಕ್ಕಳ ಮೈ ನೋಡಲು ಬಂದಿದ್ದ ಸರ್ಕಾರಿ ಮನುಷ್ಯ ಬೀದಿಯ ಹೆಂಗಸರನ್ನೂ ಕರೆದು ನೋಡಿದ. ಅವಳ ಎಡ ಮೊಣಕೈ ಹತ್ತಿರ ಬಣ್ಣ ಕಳೆದುಕೊಂಡ ಒಂದು ಮಚ್ಚೆಯಿತ್ತು. ಅದಕ್ಕೆ ಕೋಳಿಪುಕ್ಕ ಸವರಿ "ಗೊತ್ತಾಗ್ತದೇನಮ್ಮ?" ಎಂದು ಕೇಳಿದ. ಅವಳಿಗೆ ಗೊತ್ತಾಗಲಿಲ್ಲ. ಅವನು ಅವಳ ತಾಯಿಯನ್ನು ಪಕ್ಕಕ್ಕೆ ಕರೆದು ಮಾತಾಡಿದ. ತಾಯಿ ಅವಳ ತೋಳಿಗೆ ಸೆರಗು ಹೊದಿಸಿ ಮನೆಗೆ ಕರೆತಂದಳು. ಊರಲ್ಲಿ ಅದನ್ನು ಕುಷ್ಠವೆಂದು ಹೆಸರು ಹಿಡಿದು ಕರೆಯುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ದಾವಣಗೆರೆಗೆ ಕದ್ದು ಹೋಗಿ ತೋರಿಸಿದ್ದಾಯಿತು. ಬಿಳಿ ಮಾತ್ರೆ ತಪ್ಪದೆ ನುಂಗಿದರೆ ಇನ್ನೊಬ್ಬರಿಗೆ ಅಂಟುವುದಿಲ್ಲ, ಇದ್ದದ್ದು ಹೆಚ್ಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಾಗಿದ ಬೆರಳು ನೆಟ್ಟಗಾಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಎಡಗೈಯ ಕಿರುಬೆರಳು, ಉಂಗುರಬೆರಳು ಆಗಲೇ ಒಳಕ್ಕೆ ಮಡಚಿದ್ದವು. ಬಲಗೈಯ ಹಿಡಿತವೂ ಸಡಿಲವಾಗತೊಡಗಿತ್ತು.

ಮಾತ್ರೆಗಳನ್ನು ಅವಳು ಇಂಗಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಇಂಗಿನ ವಾಸನೆಗೆ ಆ ಡಬ್ಬಿಯನ್ನು ಯಾರೂ ಸುಮ್ಮಸುಮ್ಮನೆ ತೆಗೆಯುವುದಿಲ್ಲ. ಕೈಯನ್ನು ಸೆರಗಿನಲ್ಲಿ ಇಟ್ಟುಕೊಂಡಿದ್ದಳು. ಚೊಂಬಿನಲ್ಲಿ ನೀರು ಮೊಗೆಯುವ ತನಕ ಎಲ್ಲ ಹೇಗೋ ನಡೆದಿತ್ತು. ಬೆರಳು ಬಿಗಿಹಿಡಿದು ತಿರುಗಿಸಬೇಕಾದ ನಲ್ಲಿ ಬಂದರೆ ನಡೆಯದು. ಗೊತ್ತಾದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತವರಿಗೆ ಅಟ್ಟುತ್ತಾರೆ. ನಾಲ್ಕು ವರ್ಷದ ಮಗಳು ನೀಲಳನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ. ಅಟ್ಟದೆ ಇದ್ದರೆ ಇನ್ನೊಂದು ಕಷ್ಟ. ಸವಳಂಗದಿಂದ ಚನ್ನಗಿರಿ ತನಕ ಈ ಮನೆಯ ಶೇಂಗಾ ಎಣ್ಣೆಯಲ್ಲೇ ಒಗ್ಗರಣೆ ಹಾಕುವವರು ನಾಳೆ ಆ ಡಬ್ಬವನ್ನು ಬೀದಿಗೆ ಎಸೆಯುತ್ತಾರೆ. ಯಾರನ್ನು ಬೈಯುವುದು? ತಾನೇ ಹೊರಗಿನವಳಾಗಿದ್ದರೆ ತಾನೂ ಎಸೆಯುತ್ತಿದ್ದೆ ಎಂದು ಅವಳಿಗೆ ಅನ್ನಿಸುತ್ತಿತ್ತು, ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ದುಂಡು ಹಿಡಿಯ ನಲ್ಲಿ ಬಂತು. ಹನುಮಣ್ಣ ಸಣಬು ಸುತ್ತಿ ಬಿಗಿ ಮಾಡಿದ. ಮಹೇಶ್ವರಪ್ಪ ಅದನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ, ಮಿಲ್ಲಿಗೆ ಶೇಂಗಾ ತಂದವರನ್ನೆಲ್ಲ ಹಿತ್ತಲಿಗೆ ಕರೆದೊಯ್ದು ತೋರಿಸಿದ. ಬಂದವರೂ ಮದುಮಗನನ್ನು ಹೊಗಳುವಂತೆ ಹೊಗಳಿದರು.

ಶಿವಗಂಗಮ್ಮ ಒಂದು ಉಪಾಯ ಕಂಡುಕೊಂಡಳು. ಕೈಗೆ ಎಣ್ಣೆ ತಾಗುವ ಮೊದಲೇ, ಹಿತ್ತಲಲ್ಲಿ ಯಾರೂ ಇಲ್ಲದಾಗ, ನಲ್ಲಿಗೆ ಒದ್ದೆ ಬಟ್ಟೆ ಸುತ್ತಿ ಎರಡೂ ಮಣಿಕಟ್ಟುಗಳ ನಡುವೆ ಹಿಡಿದು ತಿರುಗಿಸುವಳು. ತೆರೆದದ್ದನ್ನು ಕೆಲಸ ಮುಗಿಯುವ ತನಕ ನಿಲ್ಲಿಸುತ್ತಿರಲಿಲ್ಲ. ನೀರು ತೊಟ್ಟಿ ತುಂಬಿ ಹಿತ್ತಲೆಲ್ಲ ಹರಿದು ಹಿಂಡಿಯ ಚೀಲಗಳ ಬುಡ ಒದ್ದೆಯಾಯಿತು. "ನೀರೇನು ನಿಮ್ಮಪ್ಪ ಜಗಳೂರಿಂದ ಕಳಿಸ್ತಾನೇನೆ?" ಎಂದು ಗಂಡ ಕೂಗಾಡಿದ. ಜಗಳೂರಿನ ಬಯಲಿನಲ್ಲಿ ನೀರಿಗೆ ಎಷ್ಟು ಬರ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವಳು ಬೈಸಿಕೊಂಡಳು. ಬೈಗುಳಕ್ಕೆ ಆ ದಿನಗಳಲ್ಲಿ ಅವಳು ಹೆದರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹಂಡೆಯಿಂದ ಕುದಿಯುವ ಸೋಡಾ ನೀರನ್ನು ಬಟ್ಟೆಗಳ ಮೇಲೆ ಸುರಿದು, ಕೋಲಿನಿಂದ ತಿರುವುತ್ತ ನಿಂತಿದ್ದಳು. ಎಡಗೈ ತೊಟ್ಟಿಯ ಅಂಚಿನಲ್ಲಿತ್ತು. ಆವತ್ತು ಮೋಟರ್ ಬಿಟ್ಟವರು ಯಾರೋ ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿ ಹೋಗಿದ್ದರು. ಬಟ್ಟೆ ಸುತ್ತಿದಳು, ಮಣಿಕಟ್ಟು ಒತ್ತಿದಳು, ಅದು ಜಪ್ಪಯ್ಯ ಅನ್ನಲಿಲ್ಲ. ಎಡಗೈಯನ್ನು ಮತ್ತೆ ಕಟ್ಟೆಗೆ ಊರಿ ಬಲಗೈಯಿಂದ ಅದರ ಜೊತೆ ಗುದ್ದಾಡುವಾಗ, ಜಾರಿದ ಎಡಗೈಯ ಅಂಚು ಬಿಸಿನೀರಿನಲ್ಲಿ ಅದ್ದಿಕೊಂಡೇ ಇದ್ದದ್ದು ಅವಳಿಗೆ ತಿಳಿಯಲಿಲ್ಲ.

"ಗಂಗವ್ವ! ಕೈ!"

ಕಸ್ತೂರಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಶಿವಗಂಗಮ್ಮ ಕೈ ಎತ್ತಿ ನೋಡಿದಳು. ಚರ್ಮ ಕೆಂಪಗೆ ಬೆಂದು, ನೋಡನೋಡುತ್ತಿದ್ದಂತೆ ಬೊಬ್ಬೆ ಏಳುತ್ತಿತ್ತು. ಅವಳಿಗೆ ಆಗ "ಅಯ್ಯೋ" ಎನ್ನಬೇಕೆಂದು ನೆನಪಾಯಿತು. ಅಂದಳು. ಸ್ವಲ್ಪ ತಡವಾಗಿತ್ತು.

ಕಸ್ತೂರಮ್ಮ ಮುಂದೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದಿದ್ದವಳು ಅಂಗಳದಿಂದ ಲೋಳೆಸರ ಮುರಿದು ತಂದು, ತೊಟ್ಟಿಯ ಕಟ್ಟೆಯ ಮೇಲೆ ಇಟ್ಟಳು. "ಹಚ್ಕ" ಎಂದಷ್ಟೇ ಅಂದಳು.

ಆ ದಿನ ಊಟದ ಹೊತ್ತಿಗೆ ಕಸ್ತೂರಮ್ಮ ಮಗನಿಗೆ ಹೇಳಿದಳು. "ನಿನ್ನ ನಲ್ಲಿ ತಿರುವಾಕೆ ನನ್ನ ಕೈಲಿ ಆಗಲ್ಲಪ್ಪ. ಮಣಿಕಟ್ಟು ಹಿಡ್ಕಂತೈತೆ. ನಾಳೆ ಹೊನ್ನಾಳಿಗೆ ಹೋಗಿ ನಾನೇ ನೋಡಿ ಒಂದು ತರ್ತೀನಿ. ಗಂಗವ್ವ ನನ್ ಜತೆ ಬರಲಿ."

"ಅವ್ವ, ನೀನ್ಯಾವಾಗ ತೊಟ್ಟಿ ಕೆಲಸ ಮಾಡ್ದೆ?"

"ಇನ್ಮೇಲೆ ಮಾಡ್ತೀನಿ."

ಮಹೇಶ್ವರಪ್ಪ ಹಿತ್ತಾಳೆಯ ಪರವಾಗಿ ಇನ್ನೆರಡು ಮಾತಾಡಿದ. ತಾಯಿಯ ಮುಂದೆ ಅವನ ಆಟ ಯಾವತ್ತೂ ನಡೆದದ್ದಲ್ಲ.

ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು, ನಡುವೆ ಕೈಚೀಲ ಇಟ್ಟುಕೊಂಡರು. ಹೊನ್ನಾಳಿ ಬರುವ ತನಕ ಕಸ್ತೂರಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊನ್ನಾಳಿಯಲ್ಲೇ ಬಿಟ್ಟು, ಜಗಳೂರಿಗೆ ಬಸ್ಸು ಹತ್ತಿಸಿ ಬರುತ್ತಾಳೇನೋ ಎಂದು ಶಿವಗಂಗಮ್ಮನಿಗೆ ಅನ್ನಿಸಿತು. ಹೊರಡುವಾಗ ನೀಲಳನ್ನು ಎತ್ತಿಕೊಳ್ಳಲು ಹೋದರೆ ಅತ್ತೆ, "ಹೊತ್ತಾತು, ನಡಿ" ಎಂದು ತಡೆದಿದ್ದಳು. ಮಗುವಿನ ಮುಖವನ್ನಾದರೂ ಸರಿಯಾಗಿ ನೋಡಬೇಕಾಗಿತ್ತು ಎಂದುಕೊಂಡಳು.

ಆದರೆ ಕಸ್ತೂರಮ್ಮ ನಿಜವಾಗಿಯೂ ತಿಪ್ಪೇಶಪ್ಪನ ಕಬ್ಬಿಣದ ಸಾಮಾನಿನ ಅಂಗಡಿಗೇ ಹೋದಳು. ಹೋಗಿ, ಇರುವ ನಲ್ಲಿಗಳನ್ನೆಲ್ಲ ತೆಗೆಸಿ ಗಲ್ಲಾಪೆಟ್ಟಿಗೆಯ ಮುಂದೆ ಸಾಲಾಗಿ ಇಡಿಸಿದಳು. ಆಮೇಲೆ ಚೀಲದಿಂದ ಒಂದು ಸಣ್ಣ ಸೀಸೆ ತೆಗೆದು, ಅದರಲ್ಲಿದ್ದ ಶೇಂಗಾ ಎಣ್ಣೆಯನ್ನು ಎರಡೂ ಅಂಗೈಗೆ ಸುರಿದುಕೊಂಡಳು.

"ಏನ್ ಮಾಡ್ತೀರಮ್ಮ ಇದು!" ತಿಪ್ಪೇಶಪ್ಪ ಎದ್ದುನಿಂತ.

"ಒಣಗಿದ ಕೈಯಾಗೆ ಯಾವ ನಲ್ಲಿ ತಿರುಗಲ್ಲ ಹೇಳ್ರಿ? ನಮ್ದು ಎಣ್ಣೆ ತೊಟ್ಟಿ. ಹಿಂಗೇ ನೋಡಬೇಕು."

ದುಂಡನೆಯದು ಜಾರಿತು. ನಾಲ್ಕು ಕಿವಿಯದು ಜಾರಲಿಲ್ಲ, ಆದರೆ ಅದರ ಕಿವಿಗಳ ಸಂದಿಗೆ ಗಸಿ ಸೇರಿದರೆ ತೆಗೆಯುವವರು ಯಾರು ಎಂದು ದೂರ ತಳ್ಳಿದಳು. ಮೇಲಿಂದ ಒತ್ತುವ ನಲ್ಲಿಯನ್ನು ನೋಡಿ, ಕೈ ತೆಗೆದರೆ ನೀರು ನಿಲ್ಲುತ್ತದೆ, ಒಂದು ಕೈಯಲ್ಲಿ ಅದನ್ನೇ ಹಿಡಿದಿದ್ದರೆ ಡಬ್ಬ ತಿಕ್ಕಾಕೆ ಮೂರನೇ ಕೈ ಬೇಕು ಎಂದಳು. ಅಂಗಡಿಗೆ ಬಂದ ಗಿರಾಕಿಗಳು ಮೊಳೆ ಕೊಳ್ಳುವುದನ್ನು ಬಿಟ್ಟು ಇದನ್ನೇ ನೋಡುತ್ತ ನಿಂತರು. ತಿಪ್ಪೇಶಪ್ಪ ಎಣ್ಣೆ ಮೆತ್ತಿದ ನಲ್ಲಿಗಳನ್ನು ಒಂದೊಂದಾಗಿ ಒರೆಸಿ ಇಡುತ್ತ, ಯಾರ ಮುಖ ನೋಡಿ ಎದ್ದೆನೋ ಎಂದು ಗೊಣಗಿದ.

ಕೊನೆಗೆ ಅವನು ಒಳಗಿನಿಂದ ಉದ್ದ ಹಿಡಿಯದ್ದು ತಂದ. "ಇದು ಆಸ್ಪತ್ರೆಗೆ ಅಂತ ತರಿಸಿದ್ದು."

ಕಸ್ತೂರಮ್ಮ ತನ್ನ ಮೊಣಕೈ ಇಟ್ಟು ತಳ್ಳಿದಳು. ಹಿಡಿ ನುಣ್ಣಗೆ ಸರಿಯಿತು. ಆಮೇಲೆ ಸೊಸೆಯ ಕಡೆ ತಿರುಗಿ, "ಬಾ, ನೀ ನೋಡು. ಎಡಗೈಯಾಗೆ ನೋಡು" ಎಂದಳು.

ಶಿವಗಂಗಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಅಂಗಡಿಯ ತುಂಬ ಗಂಡಸರು. ಸೆರಗಿನಿಂದ ಕೈ ತೆಗೆದರೆ ಎಲ್ಲರೂ ನೋಡುತ್ತಾರೆ.

"ಬೆಂದ ಕೈ ಅಂತ ನಾಚ್ಕಬೇಡ" ಎಂದು ಕಸ್ತೂರಮ್ಮ ಎಲ್ಲರಿಗೂ ಕೇಳುವಂತೆ ಹೇಳಿ, ಅವಳಿಗೂ ಗಂಡಸರಿಗೂ ನಡುವೆ ಬಂದು ನಿಂತಳು. ಆ ಅಗಲವಾದ ಬೆನ್ನಿನ ಮರೆಯಲ್ಲಿ ಶಿವಗಂಗಮ್ಮ ಮೊಣಕೈಯಿಂದ ಹಿಡಿಯನ್ನು ತಳ್ಳಿದಳು. ಬೆರಳುಗಳಿಗೆ ಕೆಲಸವೇ ಇರಲಿಲ್ಲ.

ಎಣ್ಣೆ ಕೈ ತೊಳೆಯಬೇಕೆಂದು ಕಸ್ತೂರಮ್ಮ ಹೊಳೆಯ ಕಡೆ ನಡೆದಳು. ತುಂಗಭದ್ರೆ ಬೇಸಿಗೆಗೆ ಬಡವಾಗಿ ಬಂಡೆಗಳ ನಡುವೆ ಹರಿಯುತ್ತಿದ್ದಳು. ಮರಳು ತಿಕ್ಕಿ ಕೈ ತೊಳೆಯುತ್ತಲೇ, ಅತ್ತೆ ತಲೆಯೆತ್ತದೆ ಕೇಳಿದಳು.

"ಲಿಂಗ ಬಲಗೈಗೆ ಯಾವಾಗಿಂದ ಬಂತು?"

ಶಿವಗಂಗಮ್ಮ ಬೇಗ ಬಲಗೈಯನ್ನೂ ಸೆರಗಿಗೆ ಸೇರಿಸಿದಳು. ಇಷ್ಟಲಿಂಗದ ಪೂಜೆಗೆ ಎಡ ಅಂಗೈಯೇ ಪೀಠ. ಅದು ಮಕ್ಕಳಿಗೂ ಗೊತ್ತಿರುವ ರೂಢಿ. ಅವಳ ಎಡ ಅಂಗೈ ಮಟ್ಟಸವಾಗಿ ನಿಲ್ಲದಂತಾಗಿ, ಲಿಂಗ ವಾಲಿ ಒಮ್ಮೆ ಬಿದ್ದೇಹೋಗುವುದರಲ್ಲಿತ್ತು. ಆವತ್ತಿನಿಂದ ಎಲ್ಲರೂ ಏಳುವ ಮೊದಲೇ ಎದ್ದು ಬಲಗೈಯಲ್ಲಿ ಇಟ್ಟುಕೊಂಡು ಪೂಜೆ ಮುಗಿಸುತ್ತಿದ್ದಳು. ಯಾರೂ ನೋಡಿಲ್ಲ ಎಂದುಕೊಂಡಿದ್ದಳು.

"ನೀವು ನೋಡಿದ್ರಾ ಅತ್ತೆ?"

"ಪೂಜೆ ನೋಡ್ಲಿಲ್ಲ. ಲಿಂಗದ ಇಬೂತಿ ಬಲ ಅಂಗೈಯಾಗೆ ಮೆತ್ತಿತ್ತು. ನೀ ಬಡಿಸುವಾಗ ನೋಡ್ದೆ. ತ್ಯಾವಣಿಗೆ ಊರಾಗೆ ನಮ್ಮಕ್ಕ ಕರಿಬಸಮ್ಮಂದು ಹಿಂಗೇ ಆಗಿದ್ದು. ಅವಳೂ ಮೊದ್ಲು ಲಿಂಗದ ಕೈ ಬದಲು ಮಾಡಿದ್ಲು." ಕಸ್ತೂರಮ್ಮ ಕೈ ಕೊಡವಿದಳು. "ಊರ ಹೊರಗೆ ಒಂದು ಗುಡಿಸ್ಲು ಹಾಕಿ ಕೊಟ್ಟಿದ್ರು. ಬುತ್ತಿ ಒಯ್ದು ಕಲ್ಲಿನ ಮೇಲೆ ಇಟ್ಟು ಹಿಂದಕ್ಕೆ ಸರೀತಿದ್ವಿ. ನಾವು ಅತ್ಲಾಗೆ ಹೋದ ಮೇಲೆ ಅವಳು ಬಂದು ತಗಳ್ತಿದ್ಲು."

"ನನ್ನೂ ಹಂಗೇ ಇಡ್ತೀರಾ?"

ಕಸ್ತೂರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಅಂದಳು. "ಕಳಿಸಲ್ಲ. ನಿನ್ನ ಗಂಡಗೂ ಈಗ್ಲೇ ಹೇಳಲ್ಲ. ಎಣ್ಣೆ ನೀ ಮುಟ್ಟಬ್ಯಾಡ, ಬಿಸಿನೀರು ನಾ ಹಾಕ್ತೀನಿ, ಡಬ್ಬದ ಹೊರಮೈ ಮಾತ್ರ ನೀ ತಿಕ್ಕು. ನೀಲ ನನ್ನ ಮಗ್ಗುಲಾಗೆ ಮಲಗಲಿ."

"ಮಾತ್ರೆ ನುಂಗಿದ್ರೆ ಅಂಟಲ್ಲ ಅಂದಾರೆ ಅತ್ತೆ. ಡಾಕ್ಟ್ರೇ ಅಂದಾರೆ."

"ಅಂದಿರ್ಬೋದು. ಸುಳ್ಳು ಅನ್ನಲ್ಲ ನಾನು. ಆದ್ರೆ ನನಗೆ ಹೆದರಿಕೆ ಐತೆ ಕಣೇ. ಹೋಗು ಅಂದ್ರೆ ಹೋಗವಲ್ದು."

ಉದ್ದ ಹಿಡಿಯ ನಲ್ಲಿ ತೊಟ್ಟಿಗೆ ಕೂತಿತು. ಮಹೇಶ್ವರಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ತಾನೂ ಎಣ್ಣೆ ಕೈಯಲ್ಲಿ ಬಂದು ಮೊಣಕೈಯಿಂದ ತಳ್ಳಿ ನೋಡಿದ. ಅದಾದ ಮೇಲೆ ಹಿತ್ತಲಿಗೆ ಬಂದವರಿಗೆಲ್ಲ, ಎಣ್ಣೆ ತೊಟ್ಟಿಗೆ ಇದೇ ಸರಿ, ನಾನು ಮೊದಲೇ ಹೇಳಿದ್ದೆ ಎನ್ನತೊಡಗಿದ. ಅವನ ಹಿತ್ತಾಳೆ ನಲ್ಲಿ ಬಚ್ಚಲುಮನೆಗೆ ಹೋಯಿತು.

ಶಿವಗಂಗಮ್ಮನ ಕೆಲಸ ಸುಲಭವಾಯಿತು. ಮನಸ್ಸು ಆಗಲಿಲ್ಲ. ಅತ್ತೆ ಯಾವಾಗಲೂ ಮೊಣಕೈಯಿಂದಲೇ ನಲ್ಲಿ ತೆರೆಯುತ್ತಾಳೆ ಎಂಬುದನ್ನು ಅವಳು ಬೇಗ ಕಂಡುಕೊಂಡಳು. ಎಣ್ಣೆ ಕೈಯಿದ್ದಾಗ ಸರಿ. ಕೈ ತೊಳೆದು ಒರೆಸಿಕೊಂಡು ಬಂದಾಗಲೂ, ಒಂದು ಚೊಂಬು ನೀರು ಹಿಡಿಯಲು ಬಂದಾಗಲೂ ಮೊಣಕೈಯೇ. ಒಂದು ದಿನ ನೀಲ ಕಲ್ಲಿನ ಮೇಲೆ ಹತ್ತಿ ನಲ್ಲಿಯ ಹಿಡಿಯನ್ನು ಪುಟ್ಟ ಕೈಯಲ್ಲಿ ಹಿಡಿದುಕೊಂಡಾಗ ಕಸ್ತೂರಮ್ಮ ಓಡಿಬಂದು ಅವಳ ರಟ್ಟೆ ಹಿಡಿದು ಎಳೆದಳು. "ಮೊಣಕೈಲೆ! ಎಷ್ಟು ಸಲ ಹೇಳೋದು!" ಮಗು ಅಳುತ್ತ ಅಮ್ಮನ ಕಡೆ ಬಂದಿತು. ಶಿವಗಂಗಮ್ಮ ಕೈ ಚಾಚಲಿಲ್ಲ, ಅತ್ತೆಯ ಮುಖ ನೋಡಿದಳು. ಕಸ್ತೂರಮ್ಮ ಬೇರೆ ಕಡೆ ನೋಡಿದಳು.

ತಾನೇ ಕೇಳಿದ ನಲ್ಲಿ. ತನ್ನ ಕೈಗೆ ಅನುಕೂಲ ಎಂದು ಕೇಳಿದ ನಲ್ಲಿ. ತಾನು ಮುಟ್ಟಿದ್ದನ್ನು ಬೇರೆಯವರು ಮುಟ್ಟದೆ ಇರುವುದಕ್ಕೂ ಅದೇ ಅನುಕೂಲವಾಗಿ ಕೂತಿತ್ತು. ಕಲ್ಲಿನ ಮೇಲೆ ಬುತ್ತಿ ಇಟ್ಟು ಹಿಂದಕ್ಕೆ ಸರಿಯುವುದು ಇದಕ್ಕಿಂತ ಎಷ್ಟು ಬೇರೆ ಎಂದು ಅವಳು ತೊಟ್ಟಿಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯ ಮೇಲೆ ಸಿಟ್ಟೂ ಬಂತು. ಸಿಟ್ಟು ಮಾಡಿಕೊಳ್ಳಲು ತನಗೆ ಮೋರೆಯೆಲ್ಲಿದೆ ಎಂದೂ ಅನ್ನಿಸಿತು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಗಿನ ಜಾವ ಅವಳು ಎಂದಿನಂತೆ ಮೊದಲೇ ಎದ್ದು, ಮಿಂದು, ದೇವರಮನೆಯಲ್ಲಿ ಪೂಜೆಗೆ ಕೂತಳು. ಕರಡಿಗೆಯಿಂದ ಲಿಂಗ ತೆಗೆದು ಬಲ ಅಂಗೈಯಲ್ಲಿ ಇಟ್ಟುಕೊಳ್ಳುವಾಗ ಹಿಂದೆ ಹೆಜ್ಜೆ ಸದ್ದಾಯಿತು. ಕಸ್ತೂರಮ್ಮ ಮಿಂದ ಒದ್ದೆ ಕೂದಲಲ್ಲಿ ಬಂದು ಎದುರಿಗೆ ಕೂತಳು.

"ಎಡಗೈಗೆ ತಗ."

"ನಿಲ್ಲಲ್ಲ ಅತ್ತೆ. ಬೀಳ್ತೈತೆ."

"ತಗ ಅಂದೆ."

ಶಿವಗಂಗಮ್ಮ ಲಿಂಗವನ್ನು ಎಡ ಅಂಗೈಗೆ ಸಾಗಿಸಿದಳು. ಕೈ ಒಂದು ಬದಿಗೆ ವಾಲಿತು. ಲಿಂಗವೂ ವಾಲಿತು. ಅಷ್ಟರಲ್ಲಿ ಕಸ್ತೂರಮ್ಮ ತನ್ನ ಬಲಗೈ ಚಾಚಿದಳು. ನಡುವೆ ಒಮ್ಮೆ ಆ ಕೈ ನಿಂತಿತು. ಆಮೇಲೆ ಸೊಸೆಯ ಅಂಗೈಯ ಕೆಳಗೆ ಬಂದು, ಮಡಚಿದ ಬೆರಳುಗಳ ಸಮೇತ ಅದನ್ನು ಪೂರ್ತಿಯಾಗಿ ಹಿಡಿದುಕೊಂಡಿತು.

ಮುಟ್ಟಿದ್ದು ಶಿವಗಂಗಮ್ಮನಿಗೆ ಆ ಬೆರಳುಗಳಲ್ಲಿ ತಿಳಿಯಲಿಲ್ಲ. ಹೆಬ್ಬೆರಳಿನ ಬುಡದಲ್ಲಿ, ಇನ್ನೂ ಜೀವವಿದ್ದ ಕಡೆ, ಅತ್ತೆಯ ಕೈಯ ಬಿಸಿ ತಿಳಿಯಿತು. ಬಲಗೈಯಿಂದ ನೀರೆರೆದಳು. ನೀರು ಲಿಂಗದ ಮೇಲಿಂದ ಇಳಿದು, ಅವಳ ಬೆರಳ ಸಂದಿಯಿಂದ ಸೋರಿ, ಕಸ್ತೂರಮ್ಮನ ಅಂಗೈ ತುಂಬಿ ಮಣಿಕಟ್ಟಿಗೆ ಹರಿಯಿತು. ಪೂಜೆ ಮುಗಿಯುವ ತನಕ ಆ ಕೈ ಅಲ್ಲೇ ಇತ್ತು.

ಕಸ್ತೂರಮ್ಮ ಎದ್ದು ಹೊರಗೆ ಹೋದಳು. ಶಿವಗಂಗಮ್ಮ ಲಿಂಗವನ್ನು ಕರಡಿಗೆಗೆ ಸೇರಿಸದೆ ಹಾಗೇ ಹಿಡಿದುಕೊಂಡು ಹಿತ್ತಲ ಕಡೆ ಕಿವಿಗೊಟ್ಟಳು. ಈಗ ಆ ಕೈ ತೊಳೆಯಲು ತೊಟ್ಟಿಗೆ ಹೋಗುತ್ತಾಳೆ. ಮೊಣಕೈ ತಾಗಿದೊಡನೆ ನಲ್ಲಿಯ ಹಿಡಿ ಕಿರ್ ಎನ್ನುತ್ತದೆ, ನೀರು ಸಿಮೆಂಟಿನ ಮೇಲೆ ಬೀಳುವ ಸದ್ದು ಬರುತ್ತದೆ. ಬಂದರೆ ಬರಲಿ, ಅಷ್ಟು ಮಾಡಿದಳಲ್ಲ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡು ಕಾದಳು.

ನಲ್ಲಿಯ ಸದ್ದು ಬರಲಿಲ್ಲ. ಪಡಸಾಲೆಯಿಂದ ಕಸ್ತೂರಮ್ಮನ ದನಿ ಬಂತು.

"ಏಳವ್ವ ನೀಲ, ಬೆಳಕಾತು. ಏಳು."

"ಅಜ್ಜಿ, ನಿನ್ ಕೈ ಒದ್ದೆ ಐತೆ, ತಣ್ಣಗೈತೆ" ಎಂದು ಮಗು ನಿದ್ದೆಗಣ್ಣಿನಲ್ಲಿ ಗೊಣಗುವುದು ಕೇಳಿಸಿತು.